ಹೊರಗೆ ಬೋಳು ಗೋಡೆ, ಒಳಗೆ ತೊಟ್ಟಿ: ಲಂಡನ್ನಿನ ರಿಫಾರ್ಮ್ ಕ್ಲಬ್ಬನ್ನು ನೋಡುವುದು ಹೇಗೆ?

ಪ್ರಶ್ನೆ: ಮಗಳನ್ನು ನೋಡಲು ಲಂಡನ್ನಿಗೆ ಹೋಗಿದ್ದೆ. ಪಾಲ್ ಮಾಲ್ ಎಂಬ ರಸ್ತೆಯಲ್ಲಿ ಅಳಿಯ ಒಂದು ಕಟ್ಟಡ ತೋರಿಸಿ, ಇದು ರಿಫಾರ್ಮ್ ಕ್ಲಬ್, ಪಲಾಝೋ ಶೈಲಿಯ ಕಟ್ಟಡಗಳಲ್ಲಿ ಬಹಳ ಹೆಸರುವಾಸಿ ಎಂದರು. ನನಗಂತೂ ಹಳೇ ಬ್ಯಾಂಕಿನ ಹಾಗೆ ಕಂಡಿತು. ಕಂಬ ಇಲ್ಲ, ಗೋಪುರ ಇಲ್ಲ, ಗುಮ್ಮಟ ಇಲ್ಲ. ಮೈಸೂರು ಅರಮನೆ, ವಿಧಾನಸೌಧ ನೋಡಿದ ಕಣ್ಣಿಗೆ ಇದರಲ್ಲಿ ಏನಿದೆ ಎಂದೇ ತಿಳಿಯಲಿಲ್ಲ. ಇಂಗ್ಲಿಷರು ತಮ್ಮ ಕ್ಲಬ್ಬಿಗೆ ಇಟಲಿಯ ಮನೆಯನ್ನು ಯಾಕೆ ನಕಲು ಮಾಡಿದರು? ಬೆಂಗಳೂರಿನ ಕ್ಲಬ್ಬುಗಳು ಯಾಕೆ ಹೀಗಿಲ್ಲ? ಒಳಗೆ ಒಂದು ಅಂಗಳ ಇದೆ, ಅದಕ್ಕೆ ಗಾಜು ಹೊದಿಸಿದ್ದಾರೆ ಎಂದೂ ಅಳಿಯ ಹೇಳಿದರು. ನಮ್ಮ ಊರಿನ ತೊಟ್ಟಿ ಮನೆಗೂ ಗಾಜು ಹಾಕಿಸೋಣ ಎಂದು ಮೈದುನ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಅದಕ್ಕೂ ಒಂದು ಮಾತು ಹೇಳಿ.

ಉತ್ತರ: ಬ್ಯಾಂಕಿನ ಹಾಗೆ ಕಂಡಿತು ಎಂದಿರಲ್ಲ, ಅದು ತಪ್ಪೇನಲ್ಲ. ಆದರೆ ಲೆಕ್ಕ ಸ್ವಲ್ಪ ಉಲ್ಟಾ ಆಗಿದೆ. ಈ ಕ್ಲಬ್ಬು ಬ್ಯಾಂಕಿನ ಹಾಗಿಲ್ಲ, ಆಮೇಲೆ ಬಂದ ಬ್ಯಾಂಕುಗಳು ಈ ಕ್ಲಬ್ಬಿನ ಹಾಗಿವೆ. 1841ರಲ್ಲಿ ಇದು ಬಾಗಿಲು ತೆರೆದ ಮೇಲೆ ಇಂಗ್ಲೆಂಡಿನ ಬ್ಯಾಂಕು, ವಿಮಾ ಕಚೇರಿ, ಮ್ಯಾಂಚೆಸ್ಟರಿನ ಬಟ್ಟೆ ಗೋದಾಮು ಎಲ್ಲವೂ ಇಂಥದೇ ಮುಖ ಹಾಕಿಕೊಂಡವು. ಮೊದಲು ಹೊದ್ದವನ ಶಾಲು ಊರಿಗೆಲ್ಲ ಬಂದ ಮೇಲೆ ಅವನದೇ ಸಪ್ಪೆ ಕಾಣುತ್ತದೆ, ಅಲ್ವಾ?

ಮೊದಲು ಪದದ ವಿಷಯ ಮುಗಿಸೋಣ. ಈಗ ನಮ್ಮಲ್ಲಿ ಪಲಾಝೋ ಅಂದರೆ ಅಗಲ ಕಾಲಿನ ಪ್ಯಾಂಟು. ಇಟಲಿಯಲ್ಲಿ ಅದು ಊರೊಳಗಿನ ದೊಡ್ಡ ಮನೆ. ಇಂಗ್ಲಿಷಿನ ‘ಪ್ಯಾಲೇಸ್’ಗೂ ಇದಕ್ಕೂ ಬೇರು ಒಂದೇ, ರೋಮಿನ ಪ್ಯಾಲಟೈನ್ ಗುಡ್ಡದ ಹೆಸರು. ಆದರೆ ಪಲಾಝೋದಲ್ಲಿ ರಾಜನೇ ಇರಬೇಕೆಂದಿಲ್ಲ. ಬಡ್ಡಿ ವ್ಯಾಪಾರ ಮಾಡಿ ಹಣ ಮಾಡಿದವನು ಇರಬಹುದು, ಚರ್ಚಿನ ಕಾರ್ಡಿನಲ್, ಅಂದರೆ ಪೋಪನ ಕೆಳಗಿನ ಹಿರಿಯ ಪಾದ್ರಿ, ಇರಬಹುದು. ಇವತ್ತು ಇಟಲಿಯವರು ಸಾಧಾರಣ ಅಪಾರ್ಟ್‌ಮೆಂಟ್ ಕಟ್ಟಡಕ್ಕೂ ಅದೇ ಪದ ಬಳಸುತ್ತಾರೆ.

ಈ ದೊಡ್ಡ ಮನೆಯ ಸ್ವಭಾವ ತಿಳಿಯಬೇಕಾದರೆ ಫ್ಲಾರೆನ್ಸ್ ಊರಿನ ಮೆದಿಚಿ ಮನೆತನದ ಮನೆ ನೋಡಬೇಕು. ಮಿಕೆಲೊಝೊ ಎಂಬ ವಾಸ್ತುಶಿಲ್ಪಿ 1444ರಲ್ಲಿ ಶುರು ಮಾಡಿದ್ದು. ಮೆದಿಚಿಗಳು ಬ್ಯಾಂಕಿನವರು. ಹಣ ಇತ್ತು, ಹಗೆಯೂ ಇತ್ತು. ಹಾಗಾಗಿ ಕೆಳ ಅಂತಸ್ತು ಕೋಟೆಯ ಹಾಗೆ, ಒರಟು ಕಲ್ಲು. ಮೇಲೆ ಹೋದ ಹಾಗೆ ಕಲ್ಲು ನಯವಾಗುತ್ತದೆ. ಮನೆಯವರು ವಾಸ ಮಾಡುವ ಮುಖ್ಯ ಅಂತಸ್ತು ಮೊದಲ ಮಹಡಿಯಲ್ಲಿ, ರಸ್ತೆಯ ದೂಳು, ವಾಸನೆ, ಕಳ್ಳಕಾಕರಿಂದ ಮೇಲೆ. ಗೋಡೆಯ ಬುಡದಲ್ಲಿ ಉದ್ದಕ್ಕೂ ಕಲ್ಲಿನ ಕಟ್ಟೆ ಇದೆ. ಯಜಮಾನರನ್ನು ಕಾಣಲು ಬಂದವರು, ದಾರಿಹೋಕರು ಅಲ್ಲಿ ಕೂತಿರುತ್ತಿದ್ದರು. ನಮ್ಮ ಜಗಲಿಯ ಅಣ್ಣನೋ ತಮ್ಮನೋ. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಸಾಲಿನ ಕೈಸಾಲೆ.

ಇದನ್ನು ಓದುವಾಗ ನಿಮಗೆ ನಿಮ್ಮ ಊರಿನ ಮನೆಯೇ ಕಾಣುತ್ತಿರಬೇಕು. ರಸ್ತೆಯ ಕಡೆಗೆ ಬೋಳು ಗೋಡೆ, ಸಣ್ಣ ಕಿಟಕಿ, ಒಂದು ಬಾಗಿಲು. ಒಳಗೆ ಕಾಲಿಟ್ಟರೆ ಬೆಳಕು. ತೊಟ್ಟಿ ಮನೆಗೂ ಪಲಾಝೋಗೂ ರಕ್ತಸಂಬಂಧ ಏನಿಲ್ಲ. ಆದರೆ ಅಕ್ಕಪಕ್ಕ ಮನೆಗಳು ಒತ್ತಿಕೊಂಡಿರುವ ಬೀದಿಯಲ್ಲಿ ಗಾಳಿ ಬೆಳಕು ಬೇಕಾದವರು ಎಲ್ಲಿದ್ದರೂ ಮನೆಯ ಹೊಟ್ಟೆಯನ್ನೇ ತೆರೆಯಬೇಕಾಗುತ್ತದೆ. ರಿಫಾರ್ಮ್ ಕ್ಲಬ್ಬನ್ನು ರಸ್ತೆಯಲ್ಲಿ ನಿಂತು ನೋಡಿದವರಿಗೆ ಅರ್ಧ ಕಟ್ಟಡ ಮಾತ್ರ ಸಿಗುವುದು ಇದಕ್ಕೇ. ಮೈಸೂರು ಅರಮನೆ ತನ್ನದೆಲ್ಲವನ್ನೂ ಹೊರಗೇ ತೋರಿಸುತ್ತದೆ. ದಸರೆಯಲ್ಲಿ ಎದುರಿನ ಮೈದಾನದಲ್ಲಿ ಜನ ನಿಂತು ನೋಡಲೆಂದೇ ಕಟ್ಟಿದ್ದು ಅದು. ಪಲಾಝೋ ಎದುರಿಗೆ ಮೈದಾನ ಇರುವುದೇ ಅಪರೂಪ.

ಈಗ ರೋಮಿಗೆ ಬರೋಣ. ರಿಫಾರ್ಮ್ ಕ್ಲಬ್ಬಿನ ನೇರ ಮಾದರಿ ಅಲ್ಲಿನ ಪಲಾಝೋ ಫರ್ನೇಸೆ. ಆಂತೋನಿಯೊ ದ ಸಂಗಾಲ್ಲೊ ಇದನ್ನು 1517ರ ಹೊತ್ತಿಗೆ ಶುರು ಮಾಡಿದ. ಮಾಲೀಕ ಅಲೆಸ್ಸಾಂದ್ರೊ ಫರ್ನೇಸೆ ಆಗ ಕಾರ್ಡಿನಲ್. 1534ರಲ್ಲಿ ಅವನೇ ಪೋಪ್ ಆದ, ಮೂರನೇ ಪೌಲ್ ಎಂಬ ಹೆಸರಿನಲ್ಲಿ. ಬಡ್ತಿ ಸಿಕ್ಕಿತು, ಮನೆಯ ನಕ್ಷೆಯೂ ಬೆಳೆಯಿತು. 1546ರಲ್ಲಿ ಸಂಗಾಲ್ಲೊ ತೀರಿಕೊಂಡ. ಕೆಲಸ ಮೈಕೆಲ್ಯಾಂಜೆಲೊ ಕೈಗೆ ಬಂತು. ಅವನು ಮಾಡಿದ ಮುಖ್ಯ ಕೆಲಸ ಒಂದು: ಗೋಡೆಯ ನೆತ್ತಿಗೆ ಭಾರಿ ಕಾರ್ನಿಸ್ ಕೂರಿಸಿದ.

ಕಾರ್ನಿಸ್ ಅಂದರೆ ಗೋಡೆಯ ತುದಿಯಲ್ಲಿ ಮುಂದಕ್ಕೆ ಚಾಚಿದ ಕಲ್ಲಿನ ಅಂಚು. ನಮ್ಮ ಮೇಸ್ತ್ರಿಗಳ ಸಜ್ಜಾ ಜ್ಞಾಪಿಸಿಕೊಳ್ಳಿ, ಅದನ್ನು ಕಿಟಕಿಯ ಮೇಲಿನಿಂದ ತೆಗೆದು ಇಡೀ ಕಟ್ಟಡದ ತಲೆಗೆ ಹಾಕಿದ ಹಾಗೆ. ಹಂಪಿಯ ವಿಠ್ಠಲ ದೇವಸ್ಥಾನದ ಮಂಟಪದಲ್ಲಿ ಬಾಗಿ ಚಾಚಿರುವ ಕಲ್ಲಿನ ಸೂರು ನೋಡಿದ್ದೀರಲ್ಲ, ಅದರ ಕೆಲಸವೂ ಇದೇ. ಮಳೆ ನೀರು ಗೋಡೆಗೆ ತಾಗದ ಹಾಗೆ ದೂರ ಚೆಲ್ಲುವುದು, ಬಿಸಿಲಲ್ಲಿ ಗಟ್ಟಿ ನೆರಳು ಎಳೆಯುವುದು. ಫರ್ನೇಸೆಯ ಕಾರ್ನಿಸ್ ಎಷ್ಟು ದೊಡ್ಡದಿರಬೇಕು ಎಂದು ಕಾಗದದ ಮೇಲೆ ತೀರ್ಮಾನಿಸಲು ಮೈಕೆಲ್ಯಾಂಜೆಲೊಗೆ ಧೈರ್ಯ ಬರಲಿಲ್ಲ. ಮರದಲ್ಲಿ ಅದರದೇ ಅಳತೆಯ ಒಂದು ತುಂಡು ಮಾಡಿಸಿ, ಕಟ್ಟಡದ ಮೂಲೆಗೆ ಏರಿಸಿ, ಕೆಳಗೆ ನಿಂತು ನೋಡಿದ. ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕಂಪ್ಯೂಟರಿನ ಚಿತ್ರ ನೋಡಿ ಒಪ್ಪಿದ ಬಾಲ್ಕನಿ ಕಟ್ಟಿದ ಮೇಲೆ ಮುಖಕ್ಕೆ ಹೊಡೆದ ಹಾಗೆ ಕಾಣುವುದನ್ನು ಎಷ್ಟು ಸಲ ನೋಡಿದ್ದೇನೋ.

ಯಾಕೆ ಇಷ್ಟು ತಲೆಬಿಸಿ? ಕಂಬ ಇರುವ ಕಟ್ಟಡದಲ್ಲಿ ಲೆಕ್ಕ ಸುಲಭ. ಕಂಬ ಇಷ್ಟು ಎತ್ತರ, ಅದರ ಮೇಲಿನ ತೊಲೆ ಕಾರ್ನಿಸ್ ಎಲ್ಲ ಸೇರಿ ಅದರ ನಾಲ್ಕನೇ ಅಥವಾ ಐದನೇ ಒಂದು ಭಾಗ, ಹೀಗೆ ಹಳೇ ಸೂತ್ರಗಳಿವೆ. ಕಂಬವೇ ಇಲ್ಲದ ಗೋಡೆಗೆ ಯಾವ ಸೂತ್ರ? ಇಡೀ ಗೋಡೆಯನ್ನೇ ಕಂಬ ಎಂದುಕೊಂಡು ಅದಕ್ಕೆ ತಕ್ಕ ತಲೆ ಇಡಬೇಕು. ಸ್ವಲ್ಪ ಸಣ್ಣದಾದರೆ ಕಟ್ಟಡ ಬೋಳುತಲೆ. ಸ್ವಲ್ಪ ದೊಡ್ಡದಾದರೆ ಪೇಟ ಕಣ್ಣಿಗೆ ಜಾರಿದ ಹಾಗೆ. ನೀವು ಕಂಬ ಇಲ್ಲ ಎಂದು ದೂರಿದಿರಿ. ಪಲಾಝೋ ಶೈಲಿಯ ನಿಜವಾದ ಪರೀಕ್ಷೆ ಇರುವುದೇ ಅಲ್ಲಿ. ಕಂಬದ ಆಸರೆ ಇಲ್ಲದೆ ಬರೀ ಗೋಡೆ, ಕಿಟಕಿ, ಅಂಚು ಇವುಗಳ ಅಳತೆಯಿಂದಲೇ ಗಾಂಭೀರ್ಯ ತರಬೇಕು.

ಕಟ್ಟುವವರ ತಲೆನೋವು ಇನ್ನೊಂದಿದೆ. ಅಷ್ಟು ಭಾರದ ಕಲ್ಲು ಮುಂದಕ್ಕೆ ಚಾಚಿದರೆ ಮಗುಚಿ ಬೀಳುವುದಿಲ್ಲವೇ? ಬೀಳುತ್ತದೆ, ಬಾಲ ಗಿಡ್ಡವಾಗಿದ್ದರೆ. ಹೊರಗೆ ಕಾಣುವ ಕಲ್ಲಿಗೆ ಕಾಣದ ಬಾಲ ಗೋಡೆಯೊಳಗೆ ಉದ್ದಕ್ಕೆ ಹೋಗಿರುತ್ತದೆ. ಅದರ ಮೇಲೆ ಭಾರ ಕೂತಿರುತ್ತದೆ. ಮಕ್ಕಳ ಸೀಸಾ ಹಲಗೆಯ ಲೆಕ್ಕವೇ.

ಇನ್ನು ಲಂಡನ್. 19ನೇ ಶತಮಾನದ ಶುರುವಿನಲ್ಲಿ ಅಲ್ಲಿನ ಕ್ಲಬ್ಬು ಅಂದರೆ ನಾವು ಅಂದುಕೊಳ್ಳುವ ಹಾಗೆ ಕುಡಿಯುವ ಜಾಗ ಮಾತ್ರ ಅಲ್ಲ. ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಇರುವ ದೊಡ್ಡ ಮನುಷ್ಯರಿಗೆ ಅದೇ ಮನೆ. ಊಟ, ಪತ್ರಿಕೆ, ಪುಸ್ತಕ, ಪತ್ರ ಬರೆಯುವ ಮೇಜು, ರಾಜಕೀಯದ ಪಿಸುಮಾತು ಎಲ್ಲ ಅಲ್ಲೇ. ಬೇರೆಯವರೊಂದಿಗೆ ಹಂಚಿಕೊಂಡ ಶ್ರೀಮಂತರ ಮನೆ ಎನ್ನಿ. ಹಾಗಾಗಿ ಕಟ್ಟಡವೂ ಊರೊಳಗಿನ ದೊಡ್ಡ ಮನೆಯ ಹಾಗಿರಬೇಕು ಎಂಬುದು ಸಹಜ. ಇಂಗ್ಲಿಷ್ ಶ್ರೀಮಂತರಿಗೆ ಹಳ್ಳಿಯ ಬಂಗಲೆ ಕಟ್ಟಿ ಅಭ್ಯಾಸ ಇತ್ತು. ನಡುವೆ ಮನೆ, ಅಕ್ಕಪಕ್ಕ ರೆಕ್ಕೆ, ಎದುರಿಗೆ ಕಂಬದ ಮಂಟಪ, ಸುತ್ತ ಹುಲ್ಲುಗಾವಲು. ಪಾಲ್ ಮಾಲ್‌ನ ಸೈಟಿನಲ್ಲಿ ರೆಕ್ಕೆ ಬಿಚ್ಚಲು ಜಾಗ ಎಲ್ಲಿ? ಬೀದಿಗೆ ಅಂಟಿಕೊಂಡು ನಿಂತೂ ಗತ್ತು ಬಿಡದ ಮನೆ ಹೇಗೆ ಕಟ್ಟುವುದು ಎಂಬುದಕ್ಕೆ ಇಟಲಿಯವರು ಮುನ್ನೂರು ವರ್ಷ ಮೊದಲೇ ಉತ್ತರ ಕಂಡುಕೊಂಡಿದ್ದರು.

ಆ ಉತ್ತರವನ್ನು ಲಂಡನ್ನಿಗೆ ತಂದವನು ಚಾರ್ಲ್ಸ್ ಬ್ಯಾರಿ. 1795ರಲ್ಲಿ ಹುಟ್ಟಿದವನು. ಅಪ್ಪ ವೆಸ್ಟ್‌ಮಿನ್‌ಸ್ಟರಿನಲ್ಲಿ ಕಾಗದ-ಲೇಖನಿ ಅಂಗಡಿ ಇಟ್ಟಿದ್ದ. ಅಪ್ಪನಿಂದ ಬಂದ ಹಣದಲ್ಲಿ 1817ರಿಂದ ಮೂರು ವರ್ಷ ಬ್ಯಾರಿ ಇಟಲಿ, ಗ್ರೀಸ್, ಟರ್ಕಿ, ಈಜಿಪ್ಟ್ ಎಲ್ಲ ಸುತ್ತಿ ಚಿತ್ರ ಬರೆದುಕೊಂಡು ಬಂದ. ಗ್ರೀಸ್ ನೋಡಿ ಬಂದವರೆಲ್ಲ ಆಗ ಕಂಬಕ್ಕೆ ಮರುಳಾಗುತ್ತಿದ್ದರು. ಇವನ ಮನಸ್ಸು ಮಾತ್ರ ರೋಮ್, ಫ್ಲಾರೆನ್ಸ್ ಬೀದಿಗಳ ಬೋಳು ಗೋಡೆಗಳ ಮೇಲೆ ನಿಂತಿತು.

ಮೊದಲ ಅವಕಾಶ ಸಿಕ್ಕಿದ್ದು ಟ್ರಾವೆಲರ್ಸ್ ಕ್ಲಬ್ಬಿಗೆ. ನೀವು ನೋಡಿದ ಕಟ್ಟಡದ ಪಕ್ಕದ್ದೇ, ಸಣ್ಣದು, ಐದು ಕಿಟಕಿ ಅಗಲ. ಲಂಡನ್ನಿನಿಂದ ನೇರ ಗೆರೆಯಲ್ಲಿ 500 ಮೈಲಿಯಾದರೂ ದೂರ ಪ್ರಯಾಣ ಮಾಡಿದವರಿಗಷ್ಟೇ ಸದಸ್ಯತ್ವ ಎಂಬುದು ಆ ಕ್ಲಬ್ಬಿನ ಶುರುವಿನ ನಿಯಮ. ನಮ್ಮ ಕಡೆಯಿಂದ ಅಲ್ಲಿಗೆ ಹೋದ ನೀವಂತೂ ಪಾಸು! ಬ್ಯಾರಿ 1829ರಿಂದ 1832ರ ನಡುವೆ ಅದನ್ನು ಕಟ್ಟಿದ. ಮಾದರಿ ಫ್ಲಾರೆನ್ಸಿನ ಪಲಾಝೋ ಪಂದೋಲ್ಫಿನಿ, ಅದು ಚಿತ್ರಕಾರ ರಾಫೆಲ್‌ನ ನಕ್ಷೆ. ಟ್ರಾವೆಲರ್ಸ್‌ನ ಇನ್ನೊಂದು ಪಕ್ಕದಲ್ಲಿ ಅಥೀನಿಯಂ ಕ್ಲಬ್ ಇದೆ. ಡೆಸಿಮಸ್ ಬರ್ಟನ್‌ದು, 1830ಕ್ಕೆ ಮುಗಿದದ್ದು. ಅದಕ್ಕೆ ಕಂಬದ ಮುಖಮಂಟಪ ಇದೆ, ಮೇಲೆ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಕೆತ್ತನೆಯ ನಕಲು ಪಟ್ಟಿ ಇದೆ. ಮುಂದಿನ ಸಲ ಹೋದಾಗ ಈ ಮೂರನ್ನೂ ಸಾಲಾಗಿ ನೋಡಿ. ಒಂದೇ ರಸ್ತೆ, ಹತ್ತು-ಹನ್ನೆರಡು ವರ್ಷದ ಅಂತರ. ಗ್ರೀಕ್ ಕಂಬದಿಂದ ಇಟಲಿಯ ಗೋಡೆಗೆ ಊರಿನ ರುಚಿ ಹೊರಳಿದ್ದು ಮೂರು ಕಟ್ಟಡದಲ್ಲಿ ಕಾಣುತ್ತದೆ. ಆ ಹೊರಳುವಿಕೆಗೆ ಬರೀ ಫ್ಯಾಷನ್ ಕಾರಣ ಅಲ್ಲ. ಮುಖಮಂಟಪ ಹಾಕಿದರೆ ಅದರ ಹಿಂದಿನ ಕೋಣೆಗೆ ಕತ್ತಲು. ಮೊದಲೇ ಲಂಡನ್ನಿನಲ್ಲಿ ಬೆಳಕು ಕಡಿಮೆ. ಬಯಲು ಗೋಡೆಯಾದರೆ ಎಲ್ಲಿ ಬೇಕೋ ಅಲ್ಲಿ ಕಿಟಕಿ ಇಡಬಹುದು.

ರಿಫಾರ್ಮ್ ಕ್ಲಬ್ ಹುಟ್ಟಿದ್ದು 1836ರಲ್ಲಿ, ರಾಜಕೀಯಕ್ಕಾಗಿ. 1832ರಲ್ಲಿ ಬ್ರಿಟನ್ನಿನ ಮತದಾನದ ವ್ಯವಸ್ಥೆಯನ್ನು ತಿದ್ದಿದ ರಿಫಾರ್ಮ್ ಕಾಯ್ದೆ ಬಂತಲ್ಲ, ಅದರ ಪರ ಇದ್ದವರ ಕ್ಲಬ್ಬು ಇದು. ವಿರೋಧಿಗಳಾದ ಟೋರಿಗಳ, ಅಂದರೆ ಕನ್ಸರ್ವೇಟಿವ್ ಪಕ್ಷದವರ, ಕಾರ್ಲ್‌ಟನ್ ಕ್ಲಬ್ ಅದೇ ಸಾಲಿನಲ್ಲಿತ್ತು. ಅವರಿಗಿಂತ ದೊಡ್ಡದಾಗಿ, ಬೇರೆ ಎಲ್ಲ ಕ್ಲಬ್ಬುಗಳನ್ನೂ ಮೀರಿಸುವ ಹಾಗೆ ಕಟ್ಟಬೇಕು ಎಂಬ ಹಟ ಇವರದು. ಹೆಸರುವಾಸಿ ವಾಸ್ತುಶಿಲ್ಪಿಗಳಿಂದ ನಕ್ಷೆ ತರಿಸಿದರು, ಬ್ಯಾರಿಯದು ಗೆದ್ದಿತು. 1837ರಲ್ಲಿ ಕೆಲಸ ಶುರು, 1841ರಲ್ಲಿ ಪ್ರವೇಶ. ಕಾರ್ಲ್‌ಟನ್ ಕ್ಲಬ್ಬಿನ ಕಟ್ಟಡ ಈಗ ಅಲ್ಲಿಲ್ಲ. 1940ರಲ್ಲಿ ಜರ್ಮನ್ ಬಾಂಬ್ ಬಿದ್ದು ಹಾಳಾಯಿತು.

ಇದೇ ಹೊತ್ತಿಗೆ ಬ್ಯಾರಿಯ ಮೇಜಿನ ಮೇಲೆ ಇನ್ನೊಂದು ನಕ್ಷೆ ಇತ್ತು. 1834ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಭವನ ಸುಟ್ಟುಹೋಗಿತ್ತು. ಹೊಸದರ ಸ್ಪರ್ಧೆಯನ್ನೂ 1836ರಲ್ಲಿ ಅವನೇ ಗೆದ್ದಿದ್ದ. ನೀವು ಬಿಗ್ ಬೆನ್ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಆ ಚೂಪು ಚೂಪು ಗೋಥಿಕ್ ಕಟ್ಟಡವೂ ಈ ಬೋಳು ಗೋಡೆಯ ಕ್ಲಬ್ಬೂ ಒಬ್ಬನೇ ಮನುಷ್ಯನ ಕೆಲಸ! ಪಾರ್ಲಿಮೆಂಟಿಗೆ ಗೋಥಿಕ್ ಅಥವಾ 16ನೇ ಶತಮಾನದ ಒಂದನೇ ಎಲಿಜಬೆತ್ ರಾಣಿಯ ಕಾಲದ ಶೈಲಿಯೇ ಆಗಬೇಕೆಂದು ಸರ್ಕಾರದ ಷರತ್ತಿತ್ತು. ಕ್ಲಬ್ಬಿನಲ್ಲಿ ಅಂಥ ಷರತ್ತಿಲ್ಲ. ಬ್ಯಾರಿಯ ಸ್ವಂತ ರುಚಿ ಏನು ಎಂದು ನನ್ನನ್ನು ಕೇಳಿದರೆ ನಾನು ಪಾಲ್ ಮಾಲ್ ಕಡೆಗೇ ಕೈ ತೋರಿಸುತ್ತೇನೆ.

ಈಗ ಎದುರಿನ ಫುಟ್‌ಪಾತಿಗೆ ಹೋಗಿ ನಿಲ್ಲಿ. ಹತ್ತಿರದಿಂದ ನೋಡಿದರೆ ಇದು ಸಿಗುವುದಿಲ್ಲ.

ಅಡ್ಡಕ್ಕೆ ಎಣಿಸಿ, ಒಂಬತ್ತು ಕಿಟಕಿ. ನಮ್ಮ ಲೆಕ್ಕದಲ್ಲಿ ಒಂಬತ್ತು ಅಂಕಣದ ಮನೆ. ರೋಮಿನ ಫರ್ನೇಸೆಗೆ ಹದಿಮೂರು, ಅಗಲ ಸುಮಾರು 56 ಮೀಟರ್. ಹದಿಮೂರರ ಗತ್ತನ್ನು ಒಂಬತ್ತಕ್ಕೆ ಇಳಿಸುವಾಗ ಎಲ್ಲವನ್ನೂ ಒಂದೇ ಸಮ ಕುಗ್ಗಿಸಿದರೆ ಬೊಂಬೆ ಮನೆ ಆಗುತ್ತದೆ. ಬ್ಯಾರಿ ಹಾಗೆ ಮಾಡಲಿಲ್ಲ. ಕಿಟಕಿಗಳ ನಡುವೆ ಗೋಡೆಯನ್ನು ಧಾರಾಳವಾಗಿ ಬಿಟ್ಟ. ಅದು ದುಂದು ಅನ್ನಿಸಬಹುದು. ಆದರೆ ಆ ಖಾಲಿ ಗೋಡೆಯೇ ಈ ಕಟ್ಟಡದ ಉಸಿರು. ಕಿಟಕಿ ಒತ್ತಾದರೆ ಪಲಾಝೋ ಹೋಗಿ ಲಾಡ್ಜ್ ಆಗುತ್ತದೆ.

ಎರಡು ತುದಿಯ ಮೂಲೆ ನೋಡಿ. ದಪ್ಪ ಮೂಲೆಗಲ್ಲುಗಳು ಒಂದರ ಮೇಲೊಂದು ಕೂತಿವೆ. ಪುಸ್ತಕಕ್ಕೆ ಗಟ್ಟಿ ರಟ್ಟು ಹಾಕಿದ ಹಾಗೆ ಅವು ಗೋಡೆಯ ಎರಡು ಕೊನೆ ಹಿಡಿದಿವೆ. ಮೊದಲ ಮಹಡಿಯ ಕಿಟಕಿಗಳೇ ಎಲ್ಲಕ್ಕಿಂತ ಭರ್ಜರಿ. ಒಂದೊಂದಕ್ಕೂ ಎರಡು ಪುಟ್ಟ ಕಂಬ, ಮೇಲೆ ಪುಟ್ಟ ಸೂರು. ಗುಡಿಯ ಗೂಡಿನ ಹಾಗೆ. ಕಂಬ ಇಲ್ಲ ಎಂದಿರಲ್ಲ, ಇವೆ! ಕಟ್ಟಡವನ್ನು ಬಿಟ್ಟು ಕಿಟಕಿಗೆ ಇಳಿದಿವೆ ಅಷ್ಟೇ. ಕೊನೆಯ ಅಂತಸ್ತಿನ ಕಿಟಕಿ ಚಿಕ್ಕದು. ಮುಂಬಾಗಿಲು ನಡುವೆ ಸುಮ್ನೆ ನಿಂತಿದೆ, ಅದರ ಮೆರವಣಿಗೆ ಇಲ್ಲ. ಫರ್ನೇಸೆಯಲ್ಲಿ ಬಾಗಿಲ ಮೇಲಿನ ನಡು ಕಿಟಕಿಯನ್ನು ಎತ್ತಿ ತೋರಿಸಿ ಅದರ ಮೇಲೆ ಪೋಪನ ಲಾಂಛನ ಕೂರಿಸಿದ್ದಾರೆ. ಅದು ಒಬ್ಬ ಯಜಮಾನನ ಮನೆ. ಕ್ಲಬ್ಬಿಗೆ ಒಬ್ಬ ಯಜಮಾನ ಇಲ್ಲ, ಬ್ಯಾರಿ ನಡುವನ್ನು ಅಷ್ಟು ಮೆರೆಸಿಲ್ಲ. ಅವನು ಇದನ್ನು ಯೋಚಿಸಿಯೇ ಮಾಡಿದನೋ ಏನೋ, ನನಗಂತೂ ಸರಿ ಅನ್ನಿಸುತ್ತದೆ.

ಕೊನೆಗೆ ಒಂದು ಆಟ. ಒಂದು ಕಣ್ಣು ಮುಚ್ಚಿ, ಅಂಗೈ ಅಡ್ಡ ಹಿಡಿದು ಕಾರ್ನಿಸನ್ನು ಮರೆ ಮಾಡಿ. ಕಟ್ಟಡ ಡಬ್ಬಿ ಆಗುತ್ತದೆ. ಕೈ ತೆಗೆಯಿರಿ. ಮತ್ತೆ ಎದ್ದು ನಿಲ್ಲುತ್ತದೆ.

ಕಲ್ಲು ಪೋರ್ಟ್‌ಲ್ಯಾಂಡ್ ಸುಣ್ಣಕಲ್ಲು. ಸೇಂಟ್ ಪಾಲ್ ಕ್ಯಾಥೆಡ್ರಲ್ಲಿಗೂ ಅದೇ. ಇದಕ್ಕೊಂದು ಗುಣ ಇದೆ. ಮಳೆ ನೇರ ಬೀಳುವ ಕಡೆ ತೊಳೆದು ಬೆಳ್ಳಗಾಗುತ್ತದೆ. ಅಂಚಿನ ಅಡಿಯಲ್ಲಿ, ಮಳೆ ತಾಗದ ಕಡೆ ಮಸಿ ಕೂತು ಕಪ್ಪಾಗುತ್ತದೆ. ಕಲ್ಲಿದ್ದಲಿನ ಹೊಗೆಯ ಕಾಲದಲ್ಲಿ ಲಂಡನ್ನಿನ ಕಟ್ಟಡಗಳೆಲ್ಲ ಹೀಗೆ ಕಪ್ಪು-ಬಿಳುಪು ಪಟ್ಟೆ ಹೊತ್ತಿದ್ದವು. ಇಟಲಿಯಲ್ಲಿ ಬಿಸಿಲು ಎಳೆಯುವ ನೆರಳನ್ನು ಇಲ್ಲಿ ಮಸಿ ಎಳೆಯಿತು. ಈಗ ಗಾಳಿ ಶುದ್ಧವಾಗಿದೆ, ಕಲ್ಲು ತೊಳೆದಿದ್ದಾರೆ. ಮೋಡದ ದಿನ ಹೋದರೆ ಗೋಡೆ ಚಪ್ಪಟೆ ಕಾಣುತ್ತದೆ. ನೀವು ಹೋದ ದಿನ ಮೋಡ ಇತ್ತೇನೋ. ಜೊತೆಗೆ ಪಾಲ್ ಮಾಲ್ ಕಡೆಯ ಮುಖ ಉತ್ತರಕ್ಕೆ. ಅಲ್ಲಿ ಬಿಸಿಲು ಬೀಳುವುದೇ ಕಡಿಮೆ. ಇದು ಬ್ಯಾರಿಯ ದುರದೃಷ್ಟ.

ಇನ್ನು ಒಳಗೆ. ಬಾಗಿಲು ದಾಟಿ ಕೆಲವು ಮೆಟ್ಟಿಲು ಹತ್ತಿದರೆ ಕಟ್ಟಡದ ನಡುಮನೆ, ಅಂದರೆ ತೊಟ್ಟಿ. ಬ್ಯಾರಿಯ ಮೊದಲ ನಕ್ಷೆಯಲ್ಲಿ ಇದು ಇಟಲಿಯ ಹಾಗೆ ಆಕಾಶಕ್ಕೆ ತೆರೆದಿತ್ತು. ಲಂಡನ್ನಿನಲ್ಲಿ ಅದು ನಡೆಯುತ್ತದೆಯೇ? ವರ್ಷದ ಅರ್ಧ ಚಳಿ, ಜಿಟಿಜಿಟಿ ಮಳೆ, ಮೇಲಿಂದ ಬೀಳುವ ಮಸಿ. ಕಬ್ಬಿಣ ಮತ್ತು ಗಾಜಿನ ಮಾಡು ಹೊದಿಸಿದರು. ಆ ಒಂದು ತೀರ್ಮಾನದಿಂದ ಅಂಗಳ ಹೋಗಿ ಹಜಾರ ಆಯಿತು. ಸುತ್ತ ಎರಡು ಅಂತಸ್ತಿನ ಕಂಬಸಾಲು, ಕೆಳಗೆ ಸುರುಳಿ ತಲೆಯ ಅಯೋನಿಕ್ ಕಂಬ, ಮೇಲೆ ಎಲೆ ಕೆತ್ತಿದ ತಲೆಯ ಕೊರಿಂಥಿಯನ್ ಕಂಬ. ಮೇಲಿನ ಕೈಸಾಲೆಯಲ್ಲಿ ನಡೆದರೆ ಕೆಳಗೆ ಯಾರು ಯಾರ ಜೊತೆ ಗುಸುಗುಸು ಮಾಡುತ್ತಿದ್ದಾರೆ ಎಂದು ಕಾಣುತ್ತದೆ. ರಾಜಕೀಯದವರ ಕ್ಲಬ್ಬಿಗೆ ಇದಕ್ಕಿಂತ ಬೇಕೇ? ಬೆಳಕು ಮೇಲಿಂದ ಇಳಿಯುತ್ತದೆ. ಹೊರಗೆ ಕಾಣದ ಕಂಬ, ಬಣ್ಣದ ಕಲ್ಲು, ನೆಲದ ಚಿತ್ತಾರ ಎಲ್ಲ ಇಲ್ಲಿವೆ. ಬೀದಿಗೆ ತೋರಿಸದ ಒಡವೆಯನ್ನು ಒಳಕೋಣೆಯಲ್ಲಿ ಹಾಕಿಕೊಂಡ ಹಾಗೆ.

ಸಿನಿಮಾದ ಬಂಗಲೆಗಳಲ್ಲಿ ನಡುಮನೆಯಿಂದಲೇ ಎರಡು ಕಡೆ ಬಾಗಿದ ಮೆಟ್ಟಿಲು ಏಳುತ್ತದಲ್ಲ, ಇಲ್ಲಿ ಹಾಗಿಲ್ಲ. ಮೆಟ್ಟಿಲನ್ನು ಪಕ್ಕಕ್ಕೆ ಸರಿಸಿ, ಎರಡು ಗೋಡೆಗಳ ನಡುವೆ, ಕಮಾನು ಮಾಡಿನ ಓಣಿಯ ಹಾಗೆ ಏರಿಸಿದ್ದಾರೆ. ಇದೂ ಇಟಲಿಯ ಪಾಠ. ಮೆಟ್ಟಿಲು ನಡುವೆ ಬಂದಿದ್ದರೆ ತೊಟ್ಟಿ ಕೆಡುತ್ತಿತ್ತು. ಹಿಂದೆ ತೋಟದ ಕಡೆ, ಕಟ್ಟಡದ ಉದ್ದಕ್ಕೂ ಊಟದ ಕೋಣೆ. ಅದನ್ನು ಕಾಫಿ ರೂಮ್ ಅನ್ನುತ್ತಾರೆ, ಕಾಫಿಗೂ ಅದಕ್ಕೂ ಹೆಚ್ಚು ಸಂಬಂಧ ಇಲ್ಲ. ಅದರ ಮೇಲೆ ಗ್ರಂಥಾಲಯ. ಮೇಲಿನ ಅಂತಸ್ತಿನಲ್ಲಿ ಸದಸ್ಯರು ಉಳಿದುಕೊಳ್ಳಲು ಕೋಣೆಗಳು. ಆಗ ಕ್ಲಬ್ಬಿನಲ್ಲಿ ಮಲಗುವ ಕೋಣೆ ಹೊಸ ವಿಷಯ.

ಆ ಕಾಲದ ಜನ ಈ ಕಟ್ಟಡದಲ್ಲಿ ಮುಗಿಬಿದ್ದು ನೋಡಿದ್ದು ಮಾತ್ರ ಅಡಿಗೆಮನೆಯನ್ನು. ಮುಖ್ಯ ಬಾಣಸಿಗ ಅಲೆಕ್ಸಿ ಸೋಯೆ ಎಂಬ ಫ್ರೆಂಚ್‌ನವನು. 1837ರಿಂದ 1850ರವರೆಗೆ ಇಲ್ಲಿದ್ದ. ಕಟ್ಟಡ ಮುಗಿಯುವ ಮೊದಲೇ, 1838ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ದಿನ, ಕ್ಲಬ್ಬಿನ ಬಾಡಿಗೆ ಜಾಗದಲ್ಲಿ ಎರಡು ಸಾವಿರ ಜನಕ್ಕೆ ಬೆಳಗಿನ ತಿಂಡಿ ಬಡಿಸಿದ್ದ. ಮದುವೆ ಅಡಿಗೆಯವರನ್ನು ಗೊತ್ತುಮಾಡಿ ಅಭ್ಯಾಸ ಇರುವ ನಿಮಗೆ ಇದು ಎಂಥ ಕೆಲಸ ಎಂದು ಹೇಳಬೇಕಿಲ್ಲ. ಬ್ಯಾರಿ ಅವನ ಜೊತೆ ಕೂತು ನೆಲಮಾಳಿಗೆಯ ಅಡಿಗೆಮನೆಯ ನಕ್ಷೆ ಮಾಡಿದ. ಗ್ಯಾಸ್ ಒಲೆ, ಆಗ ಅದು ಅಚ್ಚರಿ. ಹಬೆಯ ಶಾಖ. ಮೀನು ಇಡಲು ಅಮೃತಶಿಲೆಯ ಹಲಗೆ, ಅದರ ಮೇಲೆ ಸದಾ ಹರಿಯುವ ತಣ್ಣೀರು. ನಡುವೆ ಎರಡು ಕಂಬ ಬಂದಿದ್ದವು. ಅವು ಅಡ್ಡಿ ಎಂದು ಗೊಣಗುವ ಬದಲು ಅವನ್ನೇ ಸುತ್ತುವರಿದು ಹನ್ನೆರಡು ಮೂಲೆಯ ಮೇಜು ಮಾಡಿಸಿದ. ಹಾಗಾಗಿ ಒಬ್ಬರಿಗೊಬ್ಬರು ತಾಗದೆ ಅಷ್ಟೂ ಜನ ಸುತ್ತ ನಿಂತು ಕೆಲಸ ಮಾಡಬಹುದಿತ್ತು. ನೀರು ಮೇಲೆತ್ತಲು, ಕಲ್ಲಿದ್ದಲು ಎಳೆಯಲು ಸಣ್ಣ ಹಬೆ ಯಂತ್ರ ಬೇರೆ ಇತ್ತು. ದೊಡ್ಡ ಮನೆತನದ ಹೆಂಗಸರೂ ಬಂದು ಈ ಅಡಿಗೆಮನೆ ನೋಡಿಹೋಗುತ್ತಿದ್ದರು. ಸೋಯೆ ಮುಂದೆ ನಿಂತು ವಿವರಿಸುತ್ತಿದ್ದ. ಅವನೇ ಆಮೇಲೆ ಐರ್ಲೆಂಡಿನ ಬರಗಾಲದಲ್ಲಿ ಗಂಜಿಕೇಂದ್ರ ನಡೆಸಿದ, ಕ್ರಿಮಿಯಾ ಯುದ್ಧದಲ್ಲಿ ಸೈನಿಕರಿಗೆ ಹೊಸ ಬಗೆಯ ಒಲೆ ಮಾಡಿಕೊಟ್ಟ. ಅದು ಬೇರೆಯೇ ಕತೆ.

ಇಲ್ಲೊಂದು ಚಮತ್ಕಾರ ಗಮನಿಸಿ. ಇಷ್ಟು ಯಂತ್ರ, ಇಷ್ಟು ಆಳು, ಇಷ್ಟು ಹೊಗೆ, ಒಂದೂ ಬೀದಿಗೆ ಕಾಣುವುದಿಲ್ಲ. ಬೀದಿಗೆ ಕಾಣುವುದು ಮೂರು ಅಂತಸ್ತು, ಒಬ್ಬ ಸಂಭಾವಿತನ ಮುಖ. ಅಮೆರಿಕದವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ನ್ಯೂಯಾರ್ಕಿನ ಯೂನಿವರ್ಸಿಟಿ ಕ್ಲಬ್ 1899ರದು, ಮೆಕಿಮ್, ಮೀಡ್ ಮತ್ತು ವೈಟ್ ಸಂಸ್ಥೆಯದು. ಹೊರಗೆ ಮೂರೇ ಅಂತಸ್ತಿನ ಪಲಾಝೋ, ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಮಹಡಿ ಅಡಗಿಸಿದ್ದಾರೆ.

ಬೆಂಗಳೂರಿನ ಕ್ಲಬ್ಬುಗಳು ಯಾಕೆ ಹೀಗಿಲ್ಲ? ಜಾಗ ಇತ್ತು, ಅಷ್ಟೇ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ ದೊಡ್ಡ ಕಾಂಪೌಂಡಿನೊಳಗೆ ಕಾಲು ಚಾಚಿ ಕೂತ ಬಂಗಲೆ. ತಗ್ಗು ಮಾಡು, ಅಗಲ ವರಾಂಡ, ಸುತ್ತ ಮರ. ನಾಲ್ಕೂ ಕಡೆಯಿಂದ ಗಾಳಿ ಬರುವಾಗ ಹೊಟ್ಟೆ ಯಾಕೆ ತೆರೆಯಬೇಕು? ಎರಡೂ ಕ್ಲಬ್ಬುಗಳಿಗೆ ಸೇರಿದ್ದ ಒಬ್ಬನಿದ್ದಾನೆ, ವಿನ್‌ಸ್ಟನ್ ಚರ್ಚಿಲ್. ಬೆಂಗಳೂರಿನಲ್ಲಿ ಸೈನ್ಯದಲ್ಲಿದ್ದಾಗ ಕ್ಲಬ್ಬಿಗೆ ಕೊಡಬೇಕಾದ 13 ರೂಪಾಯಿ ಬಾಕಿ ಉಳಿಸಿ ಹೋದ. ವಸೂಲಾಗದ ಸಾಲ ಎಂದು ಬರೆದ 1899ರ ಲೆಕ್ಕದ ಪುಸ್ತಕವನ್ನು ಇಲ್ಲಿ ಈಗಲೂ ಹೆಮ್ಮೆಯಿಂದ ತೋರಿಸುತ್ತಾರೆ. ರಿಫಾರ್ಮ್ ಕ್ಲಬ್ಬನ್ನು 1913ರಲ್ಲಿ ಬಿಟ್ಟ. ಅವನ ಗೆಳೆಯನೊಬ್ಬನಿಗೆ ಅಲ್ಲಿ ಸದಸ್ಯತ್ವ ಕೊಡಲಿಲ್ಲವೆಂದು ಸಿಟ್ಟು.

ರಿಫಾರ್ಮ್ ಈಗಲೂ ಖಾಸಗಿ ಕ್ಲಬ್ಬು. ಸದಸ್ಯರ ಜೊತೆ ಹೋಗಬಹುದು. ಪ್ರತಿ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಓಪನ್ ಹೌಸ್ ಎಂಬ ಹಬ್ಬ ನಡೆಯುತ್ತದೆ, ಮುಚ್ಚಿದ ಕಟ್ಟಡಗಳು ಜನರಿಗೆ ತೆರೆಯುತ್ತವೆ. ಆ ವರ್ಷದ ಪಟ್ಟಿಯಲ್ಲಿ ಇದೆಯೇ ಎಂದು ಮಗಳಿಗೆ ನೋಡಲು ಹೇಳಿ. ಹೆಂಗಸರಿಗೆ ಸದಸ್ಯತ್ವ ಕೊಟ್ಟಿದ್ದು 1981ರಲ್ಲಿ. ಸುಧಾರಣೆಯ ಹೆಸರಿನ ಕ್ಲಬ್ಬಿಗೆ ಅಷ್ಟು ಕಾಲ ಬೇಕಾಯಿತು. ಆದರೂ ಆ ಸಾಲಿನ ಹಳೇ ಗಂಡಸರ ಕ್ಲಬ್ಬುಗಳಲ್ಲಿ ಇದೇ ಮೊದಲು.

ಇನ್ನು ನಿಮ್ಮ ಮೈದುನನ ಗಾಜು. ಬ್ಯಾರಿಗೆ ಗಾಜಿನ ಮಾಡು ಒಗ್ಗಿತು, ಯಾಕೆಂದರೆ ಲಂಡನ್ನಿನಲ್ಲಿ ಒಳಗೆ ಸಿಕ್ಕಿಬಿದ್ದ ಶಾಖ ಪುಕ್ಕಟೆ ಲಾಭ. ನಿಮ್ಮ ಊರಿನ ಏಪ್ರಿಲ್‌ನಲ್ಲಿ ಅದೇ ಗಾಜು ಮನೆಯನ್ನು ಬೇಕರಿ ಒಲೆ ಮಾಡುತ್ತದೆ. ತೊಟ್ಟಿಯ ಕೆಲಸ ಬೆಳಕು ತರುವುದು ಮಾತ್ರ ಅಲ್ಲ, ಬಿಸಿ ಗಾಳಿಯನ್ನು ಮೇಲೆ ಬಿಡುವುದೂ ಹೌದು. ಬಾಯಿಗೆ ಮುಚ್ಚಳ ಹಾಕಿದರೆ ಗಾಳಿ ನಿಲ್ಲುತ್ತದೆ. ನಾನು ಕೆಲಸಕ್ಕೆ ಹೋಗಿದ್ದ ಒಂದು ಮನೆಯಲ್ಲಿ ಪ್ಲಾಸ್ಟಿಕ್ ಶೀಟು ಬಿಗಿಯಾಗಿ ಕೂರಿಸಿದ್ದರು. ಎರಡನೇ ಮಳೆಗಾಲಕ್ಕೆ ಶೀಟು ಹಳದಿಯಾಗಿತ್ತು, ತೊಟ್ಟಿಯ ಸುತ್ತಿನ ಮರದ ತೊಲೆಗೆ ಬೂಷ್ಟು ಹಿಡಿದಿತ್ತು, ಮನೆಯವರು ಮಧ್ಯಾಹ್ನ ಜಗಲಿಯಲ್ಲಿ ಮಲಗುತ್ತಿದ್ದರು.

ಮಳೆ, ಕೋತಿ, ಕಳ್ಳರ ಭಯ ನಿಜ. ಅದಕ್ಕೆ ಹೀಗೆ ಮಾಡಿ. ತೊಟ್ಟಿಯ ಬಾಯಿಗೆ ಕಬ್ಬಿಣದ ಜಾಲರಿ ಇರಲಿ. ಮಾಡನ್ನು ಹೆಂಚಿನ ಮಟ್ಟಕ್ಕಿಂತ ಒಂದೂವರೆ, ಎರಡು ಅಡಿ ಮೇಲೆ, ಸಣ್ಣ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ. ಅದು ನಾಲ್ಕೂ ಕಡೆ ತೊಟ್ಟಿಗಿಂತ ಹೊರಕ್ಕೆ ಚಾಚಿರಲಿ. ಎತ್ತಿದ ಆ ಸಂದಿಗೆ ಸೊಳ್ಳೆ ಪರದೆ ಮಾತ್ರ, ಗಾಜು ಬೇಡ. ಇಡೀ ಮಾಡು ಪಾರದರ್ಶಕ ಆಗಬೇಕಿಲ್ಲ, ನಡುವಿನ ಭಾಗ ಗಾಜಾದರೆ ಸಾಕು, ಸುತ್ತ ಹೆಂಚು ಹಾಕಿಸಿ. ಇಳಿಜಾರು ಯಾವ ಕಡೆಗೆ, ನೀರು ಎಲ್ಲಿ ಬೀಳುತ್ತದೆ ಎಂದು ಮೊದಲೇ ತೀರ್ಮಾನಿಸಿ, ಇಲ್ಲವಾದರೆ ಪಕ್ಕದ ಹೆಂಚಿನ ಅಡಿಗೆ ನುಗ್ಗುತ್ತದೆ. ತೊಟ್ಟಿಯ ತಳದಲ್ಲಿರುವ ಹಳೇ ನೀರಿನ ಕಿಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಸಬೇಡಿ. ಟೈಲ್ಸ್ ಹಾಕಲು ಬಂದವರು ಮೊದಲು ಕೈ ಹಾಕುವುದೇ ಅದಕ್ಕೆ. ಕೆಲಸ ಶುರು ಮಾಡುವ ಮುಂಚೆ ನಾಲ್ಕು ಬಿದಿರು ನೆಟ್ಟು, ಅಷ್ಟೇ ಎತ್ತರಕ್ಕೆ ಟಾರ್ಪಾಲು ಕಟ್ಟಿಸಿ, ಒಂದು ವಾರ ಅದರ ಕೆಳಗೆ ಓಡಾಡಿ ನೋಡಿ.